ಒಂದೇ ಗಡಿಗೆಯ ಐದು ಡಬ್ಬಿ

ನನ್ನ ನೌಕರಿ ಏನು ಅಂತ ಯಾರಾದರೂ ಕೇಳಿದರೆ, ಊಟ ಮುಗಿಯಲಿ ಆಮೇಲೆ ಹೇಳುತ್ತೇನೆ ಅನ್ನುತ್ತೇನೆ. ತಮಾಷೆಗಲ್ಲ. ಬೆಟಗೇರಿಯ ನೇಕಾರರ ಓಣಿಯಲ್ಲಿ ಹುಟ್ಟಿ, ಮಗ್ಗದ ಸದ್ದಿನ ನಡುವೆ ಓದಿ, ಲ್ಯಾಬ್ ಟೆಕ್ನಿಷಿಯನ್ ಆದವಳು ನಾನು. ಜನರ ಮಲವನ್ನು ಗಾಜಿನ ಮೇಲೆ ಸವರಿ, ಸೂಕ್ಷ್ಮದರ್ಶಕದ ಕೆಳಗಿಟ್ಟು, ಅದರಲ್ಲಿ ಹುಳದ ತತ್ತಿ ಹುಡುಕುವುದು ನನ್ನ ಹೊಟ್ಟೆಪಾಡು. ನಮ್ಮವ್ವ ಬದುಕಿದ್ದಷ್ಟು ದಿನವೂ ಬೀಗರ ಮುಂದೆ "ನಮ್ಮ ವಿಮಲಾ ದವಾಖಾನ್ಯಾಗ ಅದಾಳ್ರಿ" ಎಂದಷ್ಟೇ ಹೇಳಿ ಮಾತು ತಿರುಗಿಸುತ್ತಿದ್ದಳು.

ಮೊನ್ನೆ ಗದಗದ ಮಾರುಕಟ್ಟೆ ಪ್ರಾಂಗಣದ ಮುಂದೆ ನಾನು ಕೂತಿದ್ದ ಆಟೋ ನಿಂತುಬಿಟ್ಟಿತು. ಮುಂದೆ ಟ್ರ್ಯಾಕ್ಟರುಗಳ ಸಾಲು. ಎಲ್ಲದರಲ್ಲೂ ಹೆಸರುಕಾಳು, ಅದೂ ಒಕ್ಕುವ ಹೊತ್ತಿಗೆ ಮಳೆಗೆ ಸಿಕ್ಕ ಹೆಸರು. ನೆನೆದ ಹೆಸರುಕಾಳಿಗೆ ಒಂದು ವಾಸನೆ ಇರುತ್ತದೆ. ಹಸಿ ಮೊಳಕೆಯದೂ ಹೌದು, ಮುಗ್ಗಿದ ಗೋಣಿಚೀಲದ್ದೂ ಹೌದು. ಖರೀದಿದಾರನೊಬ್ಬ ಒಂದು ಚೀಲದೊಳಗೆ ಕೈಹಾಕಿ, ಮುಷ್ಟಿ ಕಾಳು ತೆಗೆದು, ಅಂಗೈ ಮೇಲೆ ಹರಡಿ, ಉಫ್ ಎಂದು ಊದಿ ನೋಡಿ, ಮತ್ತೆ ಚೀಲಕ್ಕೇ ಸುರಿದ. ಅಷ್ಟರಲ್ಲಿ ಇಡೀ ಗಾಡಿಯ ಮಾಲಿನ ದರ ಅವನ ತಲೆಯಲ್ಲಿ ಕೂತಿರುತ್ತದೆ. ನಾನು ಸೆರಗನ್ನು ಮೂಗಿಗೆ ಒತ್ತಿಕೊಂಡೆ. "ವಾಸನಿ ಭಾಳ ಐತಲ್ರಿ ಅಕ್ಕಾರ" ಎಂದ ಆಟೋದವನು. ನನಗೆ ಪಾರವ್ವನ ನೆನಪು ಬಂದಿತ್ತು.

ನಾಲ್ಕೈದು ವರ್ಷದ ಹಿಂದಿನ ಮುಂಗಾರು ಅದು. ಈ ಸೀಮೆಯ ಹೆಣ್ಣುಮಕ್ಕಳಿಗೆ ರಕ್ತ ಕಡಿಮೆ ಇರುವುದಕ್ಕೆ ಕೊಕ್ಕೆಹುಳ ಎಷ್ಟರಮಟ್ಟಿಗೆ ಕಾರಣ ಎಂದು ನೋಡಲು ಒಂದು ತಂಡ ಮಾಡಿ, ನಮ್ಮನ್ನು ಲಕ್ಷ್ಮೇಶ್ವರದಲ್ಲಿ ಇಳಿಸಿದ್ದರು. ತಂಡ ಅಂದರೆ ಏನು ಮಹಾ: ಒಬ್ಬ ಡಾಕ್ಟರು, ನಾನು, ಜೀಪು ಓಡಿಸುವ ಹುಸೇನಣ್ಣ. ಒಬ್ಬರ ಮನೆಯ ಮುಂದಿನ ಕೋಣೆಯನ್ನು ಬಾಡಿಗೆಗೆ ಹಿಡಿದು ಅದರಲ್ಲಿ ನನ್ನ ಸೂಕ್ಷ್ಮದರ್ಶಕ ಇಟ್ಟುಕೊಂಡಿದ್ದೆ. ಹಳೆಯದು, ಅಡಿಯಲ್ಲಿ ಕನ್ನಡಿ ಇರುವಂಥದು. ಕರೆಂಟು ಹೋದರೆ ಅದನ್ನು ಕಿಟಕಿಗೆ ಒಯ್ದು, ಕನ್ನಡಿ ತಿರುಗಿಸಿ ಆಕಾಶದ ಬೆಳಕು ಹಿಡಿಯುವುದು. ಆ ವರ್ಷ ಆಕಾಶದಲ್ಲೂ ಬೆಳಕಿರಲಿಲ್ಲ. ಜಿಟಿಜಿಟಿ ಹಿಡಿದ ಮಳೆ ಬಿಡುತ್ತಲೇ ಇರಲಿಲ್ಲ. ಹಾಕಿದ ಬಟ್ಟೆ ಒಣಗಲಿಲ್ಲ, ಮೈಮೇಲೆ ಬೂಸಲು ಬರುತ್ತದೇನೋ ಅನ್ನಿಸುತ್ತಿತ್ತು.

ಕೊಕ್ಕೆಹುಳದ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲಾರೆ. ಅದರ ತತ್ತಿ ಮಲದ ಜೊತೆ ಬಯಲಿಗೆ ಬೀಳುತ್ತದೆ. ಹಸಿ ನೆಲದಲ್ಲಿ ಒಡೆದು ಕಣ್ಣಿಗೆ ಕಾಣದ ಮರಿಯಾಗುತ್ತದೆ. ಬರಿಗಾಲಲ್ಲಿ ಕಳೆ ತೆಗೆಯುವವರ ಅಂಗಾಲಿನಿಂದ ಒಳಹೊಕ್ಕು, ಸುತ್ತಿ ಬಳಸಿ ಕರುಳು ಸೇರಿ, ಅಲ್ಲಿ ಕಚ್ಚಿಕೊಂಡು ಹನಿಹನಿಯಾಗಿ ರಕ್ತ ಕುಡಿಯುತ್ತದೆ. ನೋವಿಲ್ಲ, ಜ್ವರವಿಲ್ಲ. ಮನುಷ್ಯ ಸುಮ್ಮನೆ ಬೆಳ್ಳಗಾಗುತ್ತಾ ಹೋಗುತ್ತಾನೆ. ಅದಕ್ಕೆ ಔಷಧವೆಂದರೆ ಕಡಿದು ತಿನ್ನುವ ಒಂದು ಗುಳಿಗೆ. ಕಂಡುಹಿಡಿಯಲು ಸೂಜಿ ಚುಚ್ಚಬೇಕಿಲ್ಲ, ಕೊಯ್ಯಬೇಕಿಲ್ಲ. ಕಡಲೆಕಾಳಿನಷ್ಟು ಮಲ ಸಾಕು. "ಸೂಜಿ ಇಲ್ಲ, ನೋವಿಲ್ಲ, ರೊಕ್ಕ ಇಲ್ಲ" ಅಂತ ಓಣಿಓಣಿಯಲ್ಲಿ ಬಳೆ ಮಾರುವವಳ ಹಾಗೆ ಕೂಗಿಕೊಂಡು ತಿರುಗಿದೆ.

ಪಾರವ್ವನ ಊರು ಶಿರಹಟ್ಟಿಯಿಂದ ಆಚೆ, ತುಂಗಭದ್ರೆಯ ಮಗ್ಗುಲಿಗಿದೆ. ಊರಿನ ಹೆಸರು ಬೇಡ, ಅವರ ಮಾನ ಅವರಿಗಿರಲಿ. ಹೊಳೆಯ ನೀರು ಎತ್ತಿಕೊಂಡು ಮೆಣಸಿನಕಾಯಿ, ಉಳ್ಳಾಗಡ್ಡಿ ಬೆಳೆಯುವವರು, ಮೇಲಿನ ಕರಿಮಣ್ಣಿನ ಯರಿ ಹೊಲದಲ್ಲಿ ಹೆಸರುಕಾಳು. ಮನೆಮನೆಗೂ ಸರಕಾರದ ಪಾಯಖಾನೆ ಉಂಟು. ಅದರಲ್ಲಿ ಕಟ್ಟಿಗೆ, ಕುಳ್ಳು, ಹೊಟ್ಟಿನ ಚೀಲ. ಹೆಂಗಸರೆಲ್ಲ ನಸುಕಿನಲ್ಲಿ ತಂಬಿಗೆ ಹಿಡಿದು ಗುಂಪಾಗಿ ಬಯಲಿಗೆ ಹೋಗುತ್ತಿದ್ದರು. ಹಿಂದೆ ಯಾರೋ ರಕ್ತ ಪರೀಕ್ಷೆಗೆ ಬಂದಾಗ ಊರವರು ಜೀಪಿನ ಗಾಲಿಯ ಗಾಳಿ ತೆಗೆದು ಕಳಿಸಿದ್ದರಂತೆ. ಅದಕ್ಕೇ ನಾನು ಊರು ಹೊಕ್ಕ ಕೂಡಲೇ ಎರಡೂ ಕೈ ಎತ್ತಿ ತೋರಿಸಿದೆ, ಸೂಜಿ ಇಲ್ಲ ನೋಡ್ರಪ್ಪಾ ಅಂತ.

ಆ ಊರಿನ ಆಶಾ ಕಾರ್ಯಕರ್ತೆ ಶಾಂತಕ್ಕ ನನ್ನನ್ನು ಮೊದಲು ಕರೆದೊಯ್ದದ್ದೇ ಪಾರವ್ವನ ಮನೆಗೆ. "ಅಕಿ ಒಪ್ಪಿದ್ರ ಓಣಿ ಒಪ್ಪಿದಂಗ ರಿ" ಎಂದಳು. ಪಾರವ್ವ ಎತ್ತರದ ಆಳು, ಅದಕ್ಕಿಂತ ಎತ್ತರದ ದನಿ. ಗಂಡ ನಿಂಗಪ್ಪ, ಟ್ರ್ಯಾಕ್ಟರ್ ಹೊಡೆಯುವ ಮಗ ಮಲ್ಲೇಶಿ, ಸೊಸೆ ಗಿರಿಜಾ, ಒಂದನೇ ಇಯತ್ತೆಗೆ ಹೋಗುವ ಮೊಮ್ಮಗಳು ಚೆನ್ನಿ, ಹೀಗೆ ಐದು ಜನರ ಮನೆ. ನಾನು ಬಂದ ಕೆಲಸ ಹೇಳಿದಾಗ ಪಾರವ್ವ ಬಾಯಿಗೆ ಸೆರಗು ಹಿಡಿದು ನಕ್ಕಳು.

"ಅಯ್ಯ ಯವ್ವಾ! ಇಷ್ಟ ವರ್ಷ ಬಾಳೇವು ಮಾಡೇನಿ, ಹೇಲ ಕೇಳಕೊಂಡ ಮನಿ ಬಾಗಲಕ ಬಂದವರನ್ನ ಇವತ್ತ ನೋಡಿದೆ. ಕುಂಡ್ರಿ ಬಾಯಾರ, ಮೊದಲ ಚಾ ಕುಡೀರಿ. ಅದು ಎಲ್ಲೂ ಓಡಿ ಹೋಗಾಂಗಿಲ್ಲ."

ಚಹಾ ತಂದವಳು ಗಿರಿಜಾ. ಅಡುಗೆಮನೆಯಿಂದ ಪಡಸಾಲೆಗೆ ಎಷ್ಟು ದೂರ? ಅಷ್ಟಕ್ಕೇ ಬಾಗಿಲ ಚೌಕಟ್ಟಿಗೆ ಆತು ನಿಂತು ಉಸಿರು ತಗೊಂಡಳು. ಬಸುರಿ. ನಾನು ಅವಳ ಕೆಳರೆಪ್ಪೆ ಎಳೆದು ನೋಡಿದೆ. ಕೆಂಪು ಇರಬೇಕಾದ ಜಾಗ ಕಾಗದದ ಬಣ್ಣಕ್ಕಿತ್ತು. ಬಾಗಿಲ ಪಕ್ಕದ ಗೋಡೆಯಲ್ಲಿ ಒಂದು ಕಡೆ ಮಣ್ಣು ಕೆರೆದು ಗುಳಿ ಬಿದ್ದಿತ್ತು. ನಾನು ಅತ್ತ ನೋಡಿದ್ದೇ ಗಿರಿಜಾ ತನ್ನ ಉಗುರನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಮೈಯಲ್ಲಿ ರಕ್ತ ಇಲ್ಲದವರಿಗೆ ಹೀಗೆ ಮಣ್ಣು ತಿನ್ನಬೇಕು ಅನ್ನಿಸುತ್ತದೆ.

"ಬಯಕಿ ರಿ," ಎಂದಳು ಪಾರವ್ವ. "ನಾನೂ ಮಲ್ಲೇಶಿ ಹೊಟ್ಟ್ಯಾಗ ಇದ್ದಾಗ ಅರ್ಧಾ ಗ್ವಾಡಿ ತಿಂದೇನಿ."

"ದವಾಖಾನಿಗೆ ಹೋಗಿ ಇಕಿದು ಒಂದ ಹನಿ ರಕ್ತ ತೋರಿಸಬೇಕಲ್ಲ ಯವ್ವಾ."

ಅಷ್ಟೇ. ನಗುತ್ತಿದ್ದವಳ ಮುಖ ಬಿಗಿಯಿತು. "ಇರೋದ ಒಂದ ಹನಿ ಐತಿ, ಅದನ್ನೂ ಹಿಂಡಕೊಂಡ ಹೋಗ್ತೀರೇನು? ಅಕಿ ಮಾರಿ ನೋಡ್ರಿ, ಸುಣ್ಣಾ ಬಳದಂಗ ಐತಿ. ನೀವು ಕೊಡಾಕ ಬಂದೀರೋ ಕಸಗೊಳ್ಳಾಕ ಬಂದೀರೋ?"

ಶಾಂತಕ್ಕ ನಡುವೆ ಬಾಯಿ ಹಾಕಿದಳು. ಹೋಗಲಿ, ಹುಳದ ಗುಳಿಗೆಯನ್ನಾದರೂ ನುಂಗಿಸು ಅಂದರೆ ಕೇಳವಲ್ಲಳು, ಕೊಟ್ಟ ರಕ್ತದ ಗುಳಿಗೆಯನ್ನೂ ಹಿತ್ತಲಿಗೆ ಎಸೆದಿದ್ದಾಳೆ ಎಂದು ನನಗೆ ಚಾಡಿ ಹೇಳಿದಳು. ಪಾರವ್ವ ಅದನ್ನು ಅಲ್ಲಗಳೆಯಲಿಲ್ಲ. ಹಿಂದಿನ ವರ್ಷ ಗಿರಿಜಾ ಮತ್ತೆ ಬಸುರಾಗಿದ್ದಳು, ಜ್ವರ ಬಂತೆಂದು ಯಾವುದೋ ಗುಳಿಗೆ ನುಂಗಿದಳು, ಆ ವಾರವೇ ಬಸುರು ಇಳಿದುಹೋಯಿತು. ಇಳಿಯಲು ಬೇರೆ ಕಾರಣ ಇದ್ದೀತು, ಗುಳಿಗೆಯ ತಪ್ಪಲ್ಲ ಎಂದು ನಾನು ಹೇಳಿದೆ. ಆದರೆ ಕಣ್ಣಾರೆ ಕಂಡವಳ ಮುಂದೆ ನನ್ನ ಮಾತು ಎಷ್ಟರದು?

"ಹುಳಾ ಸಾಯೋ ಔಷಧ ಅಂದ್ರ ವಿಷಾನ ಅಲ್ಲೇನ್ರಿ? ಹೊಟ್ಟ್ಯಾನ ಕೂಸಿಗಿ ಅದು ಗುರ್ತ ಹಿಡಿತೈತೇನು, ಇದು ಹುಳಾ, ಇದು ಕೂಸು ಅಂತ?" ಎಂದಳು. ಆಮೇಲೆ ಸ್ವಲ್ಪ ಯೋಚಿಸಿ, ದನಿ ಇಳಿಸಿ, "ಒಂದ ಮಾತ ಹೇಳತೇನಿ ಕೇಳ್ರಿ ಬಾಯಾರ. ಖರೆನ ಹುಳಾ ಇದ್ದದ್ದು ನಿಮ್ಮ ಮಿಷಿನ್ಯಾಗ ಕಂಡ್ರ ನನಗ ಬಂದ ಹೇಳ್ರಿ. ನಾನ ನನ್ನ ಕೈಯಾರ ಅಕಿಗಿ ನುಂಗಸ್ತೇನಿ. ಇಲ್ಲಂದ್ರ ಒಂದ ಗುಳಿಗಿನೂ ಅಕಿ ಬಾಯಾಗ ಹೋಗಾಂಗಿಲ್ಲ. ಆತೇನು?"

"ಆತು" ಅಂದೆ. ಖುಷಿಯಿಂದಲೇ ಅಂದೆ. ಗಿರಿಜಾಳ ಆ ಕಣ್ಣು ನೋಡಿದ ಮೇಲೆ ನನಗೆ ಸಂಶಯವೇ ಇರಲಿಲ್ಲ. ಹುಳ ಸಿಗುತ್ತದೆ, ಗುಳಿಗೆ ನುಂಗುತ್ತಾಳೆ, ಹೆರಿಗೆಯ ಹೊತ್ತಿಗೆ ಮುಖದ ಮೇಲೆ ಒಂದಿಷ್ಟು ಕಳೆ ಬರುತ್ತದೆ. ಮುಚ್ಚಳವಿರುವ ಐದು ಡಬ್ಬಿ ತೆಗೆದು ಒಂದೊಂದರ ಮೇಲೂ ಹೆಸರು ಬರೆದು, ಅವರವರದು ಅವರವರ ಡಬ್ಬಿಗೆ ಹಾಕಬೇಕು ಎಂದು ಹೇಳಿ ಕೊಟ್ಟೆ. ಊಟ ಮಾಡದೆ ಬಿಡಲಿಲ್ಲ ಪಾರವ್ವ. ನನಗೆ ಬೇರೆ ತಾಟು ಹಾಕಿ, ಅತ್ತೆ ಸೊಸೆ ಇಬ್ಬರೂ ಒಂದೇ ತಾಟಿನಲ್ಲಿ ಕೂತರು. ಪಾರವ್ವ ಮಾತಾಡುತ್ತಾ ಮಾತಾಡುತ್ತಾ ಬೆಣ್ಣೆಯನ್ನೆಲ್ಲ ಬೆರಳಿನಿಂದ ಸೊಸೆಯ ಕಡೆಗೆ ಸರಿಸುತ್ತಿದ್ದಳು. ಸೊಸೆ ಅದನ್ನು ಮತ್ತೆ ಅತ್ತೆಯ ಕಡೆ ದೂಡುತ್ತಿದ್ದಳು. "ತಿನ್ನಲೇ" ಎಂದು ಇವಳು ಗದರುವುದು, "ಒಲ್ಲೆ ಅತ್ತಿ" ಎಂದು ಅವಳು ನಗುವುದು.

ಮರುದಿನ ಶಾಂತಕ್ಕ ಓಣಿಯ ಡಬ್ಬಿಗಳನ್ನೆಲ್ಲ ಕೂಡಿಸಿ ತಂದಳು. ಅವನ್ನು ಕೊಟ್ಟ ರೀತಿ ಹೇಳಿ ಹೇಳಿ ನಕ್ಕಳು. ಒಬ್ಬಳು ಹಿಟ್ಟಿನ ಬುಟ್ಟಿಯಲ್ಲಿ ಮುಚ್ಚಿ ತಂದಿದ್ದಳಂತೆ, ಇನ್ನೊಬ್ಬಳು ದೇವರ ಹೂವಿನ ಚೀಲದಲ್ಲಿ. ನಾನು ಗಾಜಿನ ಪಟ್ಟಿಗಳನ್ನು ಮಾಡಿ, ಹಸಿರು ಬಣ್ಣದ ಪಾರದರ್ಶಕ ಹಾಳೆ ಮುಚ್ಚಿ ಕೂತೆ. ಕೊಕ್ಕೆಹುಳದ ತತ್ತಿಯ ಕವಚ ಬಲು ತೆಳು. ಪಟ್ಟಿ ಮಾಡಿದ ಸ್ವಲ್ಪ ಹೊತ್ತಿಗೆಲ್ಲ ಕರಗಿ ಮಾಯವಾಗುತ್ತದೆ. ಆದ್ದರಿಂದ ಕೂಡಲೇ ನೋಡಬೇಕು, ಮತ್ತೆ ನೋಡೋಣ ಅಂದರೆ ಸಿಗುವುದಿಲ್ಲ. ಪಾರವ್ವನ ಓಣಿಯಲ್ಲಿ ಎಡಕ್ಕೂ ಬಲಕ್ಕೂ ಒಂದು ಮನೆ ಬಿಡದೆ ತತ್ತಿ ಕಂಡವು. ಪಾರವ್ವನ ಮನೆಯ ಐದರಲ್ಲೂ ಒಂದೂ ಇಲ್ಲ. ಗಿರಿಜಾಳ ಡಬ್ಬಿಯಿಂದ ಇನ್ನೊಂದು ಪಟ್ಟಿ ಮಾಡಿ ನೋಡಿದೆ. ಅದೂ ಶುದ್ಧ. ಐದೂ ಡಬ್ಬಿಯ ಮಲದ ಬಣ್ಣ ಒಂದೇ ತೆರನಾಗಿತ್ತು. ಒಂದೇ ಮನೆಯ ಊಟ, ಹಾಗಿರುವುದೇ ಸರಿ ಅಂದುಕೊಂಡೆ.

ಸುದ್ದಿ ಒಯ್ದ ಶಾಂತಕ್ಕನ ಕೈಯಲ್ಲಿ ಪಾರವ್ವ ನನಗೆ ಖಡಕ್ ರೊಟ್ಟಿ, ಕೆಂಪು ಚಟ್ನಿ ಕಟ್ಟಿ ಕಳಿಸಿದಳು. ಹುಳ ಇಲ್ಲ ಅಂತ ಬಂದ ಮೇಲೆ ಗುಳಿಗೆಯ ಮಾತನ್ನು ಯಾರೂ ಎತ್ತುವಂತಿರಲಿಲ್ಲ. ಡಾಕ್ಟರು, "ಆ ಮನೆಯವರು ಚಪ್ಪಲಿ ಹಾಕಿಕೊಂಡು ಹೊಲಕ್ಕೆ ಹೋಗುತ್ತಾರೇನೋ. ಅವಳಿಗೆ ಬೇರೆ ಕಾರಣವಿರಬಹುದು, ಹೇಗಾದರೂ ಆಸ್ಪತ್ರೆಗೆ ಕಳಿಸಲು ಹೇಳಿ" ಎಂದರು. ಶಾಂತಕ್ಕ ಎರಡು ಸಲ ಹೋಗಿ ಹೇಳಿದಳು. "ನಿಮ್ಮ ಮಿಷಿನ್ನ ಏನೂ ಇಲ್ಲ ಅಂದ ಮ್ಯಾಲ ಮತ್ತೇನ ನೋಡತೀರಿ?" ಎಂದು ಪಾರವ್ವ ಬಾಗಿಲಲ್ಲೇ ಮಾತು ಮುಗಿಸಿದಳಂತೆ.

ನಾವು ಬೇರೆ ಹಳ್ಳಿಗಳಿಗೆ ಹೋದೆವು. ಕಪ್ಪತಗುಡ್ಡದ ನೆತ್ತಿ ವಾರಗಟ್ಟಲೆ ಮೋಡದೊಳಗೇ ಇತ್ತು, ಅದರ ಮೇಲಿನ ಗಾಳಿಯಂತ್ರಗಳ ರೆಕ್ಕೆ ಮಾತ್ರ ಒಮ್ಮೊಮ್ಮೆ ಕಾಣುತ್ತಿದ್ದವು. ಯರಿ ಮಣ್ಣು ಜೀಪಿನ ಗಾಲಿಗೆ ಮೆತ್ತಿಕೊಂಡು, ಹುಸೇನಣ್ಣ ಮೈಲಿಗೊಮ್ಮೆ ಇಳಿದು ಕುಡುಗೋಲಿನಿಂದ ಕೆರೆಯುತ್ತಾ ಮಳೆಗೂ ನನಗೂ ಸೇರಿಸಿ ಬೈಯುತ್ತಿದ್ದ. ನಾಗರ ಪಂಚಮಿ ಬಂತು, ಹೋಯಿತು. ಹೆಸರು ಬಿಡಿಸುವ ಹೊತ್ತಿಗೆ ಸರಿಯಾಗಿ ಮಳೆ ಇನ್ನಷ್ಟು ಜೋರಾಯಿತು. ಹುಳ ಕಂಡ ಮನೆಗಳಿಗೆ ಗುಳಿಗೆ ಹಂಚಲು ನಾವು ಮತ್ತೆ ಆ ಊರಿಗೆ ಹೋದಾಗ ಕಾಯಿ ಗಿಡದಲ್ಲೇ ಮೊಳಕೆ ಒಡೆದಿದ್ದವು. ಜನ ಸಿಕ್ಕಷ್ಟನ್ನು ತಂದು ಪಡಸಾಲೆಯಲ್ಲಿ, ಹಾಸಿಗೆ ಹಾಕುವ ಜಾಗದಲ್ಲಿ ಕೂಡ ಹರಡಿದ್ದರು. ಊರಿಗೆ ಊರೇ ಆ ವಾಸನೆ.

ಪಾರವ್ವ ಹೆಸರಿನ ಮೇಲೆ ಕೈಯಾಡಿಸುತ್ತಾ ಕೂತಿದ್ದಳು. ಚೆನ್ನಿ ಪಕ್ಕದಲ್ಲೇ ಹಸಿ ಕಾಯಿ ಸುಲಿದು ತಿನ್ನುತ್ತಿದ್ದಳು. ನಾನು ತಮಾಷೆಗೆ ಕೇಳಿದೆ. "ಏನ್ ಯವ್ವಾ, ಓಣಿಗೆಲ್ಲಾ ಹುಳಾ, ನಿಮ್ಮ ಮನಿಗೊಂದ ಇಲ್ಲ. ಏನ್ ಮಂತ್ರಾ ಹಾಕೀರಿ?"

"ಮಂತ್ರ ಎಲ್ಲಿದು ತಂಗಿ, ನಮ್ಮ ಚೆನ್ನಿ ಹೊಟ್ಟಿ ಗಟ್ಟಿ ಐತಿ."

"ಚೆನ್ನಿದೊಂದ ಅಲ್ಲವಾ, ಐದೂ ಮಂದೀದು."

"ಐದೂ ಅಕಿದ ಅಲ್ಲೇನು!" ಎಂದು ಪಾರವ್ವ ನಕ್ಕಳು. ತನ್ನ ಜಾಣತನವನ್ನು ಹೇಳಿಕೊಳ್ಳುವ ಸಂತೋಷ ಅವಳ ಮುಖದ ತುಂಬ. "ಗಿರಿಜಾ ಆ ಹೆಂಗಸರ ಗುಂಪಿನ್ಯಾಗ ಡಬ್ಬಿ ಹಿಡಕೊಂಡ ಹೆಂಗ ಕುಂಡ್ರಬೇಕ್ರಿ? ಸೊಸಿ ಮಾನಾ ಹೋಗಾಂಗಿಲ್ಲೇನು? ಗಂಡಸರಿಗಂತೂ ಹೇಳಾಕ ನನಗ ನಾಚಿಗಿ. ಕೂಸಿಂದಾದ್ರ ಹಿತ್ತಲದಾಗ ಆಗತೈತಿ. ಐದರಾಗೂ ಅದನ್ನ ಹಾಕಿದೆ. ಒಂದ ಗಡಗಿ ಅನ್ನಾ, ಒಂದ ತಾಟಿನ ಊಟಾ, ಒಬ್ಬರ ಹೊಟ್ಟ್ಯಾಗ ಇದ್ದದ್ದ ಎಲ್ಲಾರ ಹೊಟ್ಟ್ಯಾಗ ಇರತೈತಿ. ಗದಗ ಪ್ಯಾಟ್ಯಾಗ ನೂರ ಚೀಲಾ ಇಳಿಸಿದ್ರೂ ಒಂದ ಮುಷ್ಟಿ ನೋಡಿ ದರಾ ಕಟ್ಟತಾರ. ಅವರಿಗಿಂತ ಹೆಚ್ಚಿಂದೇನು ನಿಮ್ಮ ಮಿಷಿನ್ನು?"

ನಾನು ಚೆನ್ನಿಯ ಕಡೆ ತಿರುಗಿದೆ. "ಶಾಲ್ಯಾಗ ಗುಳಿಗಿ ಕೊಟ್ಟಿದ್ರೇನವಾ? ನಾವು ಡಬ್ಬಿ ಕೊಡೂಕಿಂತ ಮೊದಲ?"

"ಹೂಂ ರಿ. ಎಲ್ಲಾರಿಗೂ ಕೊಟ್ಟಿದ್ರು. ಸಿಹಿ ಇತ್ತು. ಕಡದ ತಿಂದೆ."

ಇಡೀ ಮನೆಯಲ್ಲಿ ಹುಳದ ಔಷಧ ತಿಂದಿದ್ದ ಏಕೈಕ ಜೀವ ಅದು. ಅದರ ಮಲವನ್ನೇ ಐದು ಹೆಸರಿನಲ್ಲಿ ನಾನು ನೋಡಿದ್ದೆ. ಆಗ ನಾನು ಪಾರವ್ವನ ಮೇಲೆ ಕೂಗಾಡಿದ್ದು ಓಣಿಗೆಲ್ಲ ಕೇಳಿಸಿರಬೇಕು. ಹುಳ ಅನ್ನದಿಂದ ಬರುವುದಲ್ಲ, ಅಂಗಾಲಿನಿಂದ ಬರುವುದು, ಗಡಿಗೆ ಒಂದಾದರೇನು, ಕಾಲು ಅವರವರದು, ಕರುಳು ಅವರವರದು ಎಂದು ಅರಚಿದೆ. ಸಿಟ್ಟು ಅವಳ ಮೇಲಿತ್ತೋ, ಆ ಹಾಳು ಮಾನದ ಮೇಲಿತ್ತೋ, ಆ ಮಳೆಯ ಮೇಲಿತ್ತೋ, ಈಗಲೂ ಹೇಳಲಾರೆ. ಪಾರವ್ವ ಎದ್ದು ನಿಂತಳು. ಅವಳ ಮುಂಗೈಗೆ ಹೆಸರುಕಾಳು ಅಂಟಿಕೊಂಡಿದ್ದವು. ಅಷ್ಟು ದೊಡ್ಡ ದನಿಯವಳು ಪಿಸುಗುಟ್ಟುವ ಹಾಗೆ, "ಅಂದ್ರ ಅಕಿ ಹೊಟ್ಟ್ಯಾಗ ಇರಬಹುದೇನು?" ಎಂದಳು.

"ಅಕಿ ಎಲ್ಲಿ?"

ಗಿರಿಜಾ ಪಂಚಮಿಗೆ ತವರಿಗೆ ಹೋದವಳು ಅಲ್ಲೇ ಉಳಿದಿದ್ದಳು. ತವರು ಮುಂಡರಗಿ ಆಚೆ. ದಣಿವು ಆರಲಿ ಅಂತ ಪಾರವ್ವನೇ ಬಿಟ್ಟಿದ್ದಳು. ಈಗ ಸೆರಗು ಸುತ್ತಿಕೊಂಡು, ಯಾರನ್ನೂ ಕೇಳದೆ ಬಂದು ಜೀಪಿನಲ್ಲಿ ಕೂತಳು. "ನಡೀರಿ, ನಾನ ತೋರಸ್ತೇನಿ ದಾರಿ."

ಆ ದಿನ ನಾವು ತಲುಪಲಿಲ್ಲ. ನಡುವಿನ ಹಳ್ಳ ತುಂಬಿ ಸೇತುವೆಯ ಮೇಲೆ ಹರಿಯುತ್ತಿತ್ತು. ಮಧ್ಯಾಹ್ನವಿಡೀ ದಂಡೆಯಲ್ಲಿ ಕಾದೆವು. ಪಾರವ್ವ ಹೊಸ ಡಬ್ಬಿಯೊಂದನ್ನು ನನ್ನಿಂದ ಇಸಿದುಕೊಂಡು ಮಡಿಲಲ್ಲಿಟ್ಟು ಕೂತಿದ್ದಳು. ಒಂದೆರಡು ಸಲ ಇಳಿದು ಹೋಗಿ ನೀರಿಗೆ ಕಾಲಿಟ್ಟು ನೋಡಿದಳು. "ಯವ್ವಾ, ನೀವೂ ಹೋದ್ರ ಅಕಿನ ಯಾರ ನೋಡತಾರ, ಬರ್ರಿ ಈಕಡೆ" ಎಂದು ಹುಸೇನಣ್ಣ ಕೈ ಹಿಡಿದು ಕರೆತಂದ. ಅಲ್ಲಿಂದಲೇ ಶಾಂತಕ್ಕನಿಗೆ ಫೋನು ಮಾಡಿ, ತವರಿನವರಿಗೆ ಹೇಳಿ ಹುಡುಗಿಯನ್ನು ಆಸ್ಪತ್ರೆಗೆ ಒಯ್ಯಿಸು ಎಂದೆ. ನೀರು ಅವರನ್ನೂ ಆ ದಂಡೆಯಲ್ಲೇ ಕಟ್ಟಿಹಾಕಿತ್ತು.

ಮರುದಿನ ಸುತ್ತುದಾರಿ ಹಿಡಿದು ಮುಟ್ಟಿದಾಗ ಗಿರಿಜಾ ಗೋಡೆಗೆ ದಿಂಬು ಕೊಟ್ಟು ಒರಗಿದ್ದಳು. ಮಲಗಿದರೆ ಉಸಿರು ಕಟ್ಟುತ್ತದಂತೆ. ಪಾದ ಬಾತುಕೊಂಡು ಕಾಲುಂಗುರ ಮಾಂಸದಲ್ಲಿ ಹೂತಿದ್ದವು. ಪರೀಕ್ಷೆ ಏನೂ ಬೇಕಿರಲಿಲ್ಲ. ಆದರೆ ಅತ್ತೆ ಮಡಿಲಿನಿಂದ ಡಬ್ಬಿ ತೆಗೆದು, "ನಿಂದ ಹಾಕವ್ವಾ ಗಿರಿಜಾ, ಯಾರ್ ನೋಡಿದ್ರೂ ನೋಡಲಿ" ಅಂದಾಗ ಗಿರಿಜಾ ನಮ್ಮಿಬ್ಬರ ಮುಖವನ್ನೂ ನೋಡಿದಳು. ಪಾರವ್ವನೇ ಅವಳ ರೆಟ್ಟೆ ಹಿಡಿದು ಹಿತ್ತಲಿಗೆ ನಡೆಸಿಕೊಂಡು ಹೋದಳು.

ಮುಂಡರಗಿಯ ಆಸ್ಪತ್ರೆಯಲ್ಲಿ ಅವಳಿಗೆ ಆಮ್ಲಜನಕ ಹಚ್ಚಿ, ಗದಗಿಗೆ ಒಯ್ಯಲು ಗಾಡಿ ಕರೆಸಿದರು. ಅದು ಬರುವುದರೊಳಗೆ ಅಲ್ಲಿಯವರ ಸೂಕ್ಷ್ಮದರ್ಶಕ ಕೇಳಿಕೊಂಡು ನಾನು ಪಟ್ಟಿ ಮಾಡಿ ನೋಡಿದೆ. ಎಲ್ಲಿ ನೋಡಿದರಲ್ಲಿ ತತ್ತಿ. ಎಣಿಸುವುದನ್ನು ಬಿಟ್ಟೆ. ಪಾರವ್ವ ನನ್ನ ಹಿಂದೆಯೇ ನಿಂತಿದ್ದಳು. "ನನಗ ತೋರಸ್ರಿ" ಎಂದಳು. ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಹಚ್ಚಿ, ಬಗ್ಗಿ ಬಹಳ ಹೊತ್ತು ನೋಡಿದಳು.

"ಗಾಜಿನ ಮಣಿ ಇದ್ದಂಗ ಅದಾವಲ್ಲ. ಇವೇನ?"

"ಇವು ತತ್ತಿ. ಇವನ್ನ ಇಟ್ಟ ಹುಳಾ ಅಕಿ ಹೊಟ್ಟ್ಯಾಗ ಅದಾವ."

"ಮೊದಲ ಸಲ ನೀವು ಬಂದಾಗೂ ಇದ್ದುವೇನು?"

ಗೊತ್ತಿಲ್ಲ ಎಂದು ಹೇಳಬಹುದಿತ್ತು. ನನ್ನ ಬಾಯಿಗೆ ಸುಳ್ಳು ಬರಲಿಲ್ಲ. "ಇದ್ದುವು ಯವ್ವಾ" ಅಂದೆ.

ಅವಳು ಅಳಲಿಲ್ಲ. ಗುಳಿಗೆ ಕೊಡಿ ಎಂದು ಕೈ ಚಾಚಿದಳು. ಅಲ್ಲಿಯ ಡಾಕ್ಟರು ಆಗಲಿ ಎಂದ ಮೇಲೆ, ಮಾತು ಕೊಟ್ಟ ಹಾಗೆ ತನ್ನ ಕೈಯಾರೆ ಸೊಸೆಯ ಬಾಯಿಗೆ ಇಟ್ಟಳು. ಗಿರಿಜಾ ಮೆಲ್ಲಗೆ ಕಡಿದಳು. ಆಮ್ಲಜನಕದ ಮುಖವಾಡ ಮತ್ತೆ ಹಾಕುವ ಮುಂಚೆ, "ಸಿಹಿ ಐತಿ ಅತ್ತಿ" ಎಂದಳು. ಅವಳ ಬಾಯಿಂದ ನಾನು ಕೇಳಿದ ಕಡೆಯ ಮಾತು ಅದು.

ಗದಗದಲ್ಲಿ ಮಾಡಬೇಕಾದದ್ದನ್ನೆಲ್ಲ ಮಾಡಿದರು. ಮಲ್ಲೇಶಿ ಟ್ರ್ಯಾಕ್ಟರು ಹೊಲದಲ್ಲೇ ಬಿಟ್ಟು ಓಡಿಬಂದು ರಕ್ತ ಕೊಟ್ಟ. ಅವನ ತೋಳಿಗೆ ಸೂಜಿ ಚುಚ್ಚುವಾಗ ಪಾರವ್ವ ಬಾಗಿಲಲ್ಲಿ ನಿಂತು, "ಬೇಕಾದಷ್ಟ ತಗೋರ್ರಿ, ನಂದೂ ತಗೋರ್ರಿ" ಅನ್ನುತ್ತಿದ್ದಳು. ಕೂಸು ಅವಧಿಗೆ ಬಹಳ ಮೊದಲೇ ಹುಟ್ಟಿತು, ಅಳಲಿಲ್ಲ. ಗಿರಿಜಾಳ ಹೃದಯ ನೀರಿನಂಥ ರಕ್ತವನ್ನೇ ತಿಂಗಳುಗಟ್ಟಲೆ ಎಳೆದು ಎಳೆದು ಸೋತುಹೋಗಿದೆ ಎಂದು ಡಾಕ್ಟರು ಹೇಳಿದರು. ಮರುದಿನ ಮುಂಜಾನೆ ಅವಳೂ ಹೋದಳು. ನಾನು ಲಕ್ಷ್ಮೇಶ್ವರದ ಕೋಣೆಯಲ್ಲಿ ಕದ ಹಾಕಿಕೊಂಡು ಅತ್ತೆ. ಒಂದು ಗುಳಿಗೆ. ಶಾಲೆಯಲ್ಲಿ ಮಕ್ಕಳು ಪೆಪ್ಪರಮಿಂಟಿನ ಹಾಗೆ ತಿಂದ ಒಂದು ಗುಳಿಗೆ.

ಗಣೇಶನ ಹಬ್ಬ ಮುಗಿದ ಮೇಲೆ ಆ ಊರಿಗೆ ಕೊನೆಯ ಸಲ ಹೋದೆವು. ಪಾರವ್ವನ ಮನೆಯ ಕಡೆ ಹೋಗಲು ನನಗೆ ಕಾಲು ಬರಲಿಲ್ಲ. ಶಾಲೆಯ ಕಟ್ಟೆಯ ಮೇಲೆ ಮೇಜು ಹಾಕಿಸಿ, ಈ ಸಲ ಸೂಕ್ಷ್ಮದರ್ಶಕವನ್ನು ಊರಿಗೇ ತಂದು ಕೂತೆ. ಮಳೆ ನಿಂತಿತ್ತು, ಬಿಸಿಲು ಬಿದ್ದಿತ್ತು. ಎದುರಿನ ಚಹಾದ ಅಂಗಡಿಯ ಮುಂದೆ ಗಂಡಸರು ತುಂಬಿಕೊಂಡಿದ್ದರು. ಹೆಂಗಸರು ಒಬ್ಬೊಬ್ಬರಾಗಿ ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿ ತಂದು, ಗೋಡೆಯ ಮರೆಗೆ ಶಾಂತಕ್ಕನಿಗೆ ದಾಟಿಸಿ ಹೋಗುತ್ತಿದ್ದರು.

ಆಗ ಓಣಿಯ ತುದಿಯಿಂದ ಪಾರವ್ವ ಬಂದಳು. ಬೀದಿಯ ನಟ್ಟನಡುವೆ. ತಲೆಯ ಮೇಲೆ ಸೆರಗು ಇತ್ತು, ಆದರೆ ಡಬ್ಬಿ ಮಾತ್ರ ಬಯಲಿಗೆ, ಚಾಚಿದ ಬಲಗೈಯ ಅಂಗೈ ಮೇಲೆ. ಅಂಗಡಿಯ ಮುಂದಿನ ಒಬ್ಬ ಹಿರಿಯ, ತಿಳಿಯದೆ, "ಏನ್ ಪಾರವ್ವಾ, ಪ್ರಸಾದಾ ತಂದೇನು?" ಎಂದ.

ಪಾರವ್ವ ನಿಂತಳು. ಆ ಹಳೆಯ ದನಿ ಮತ್ತೆ ಬಂದಿತ್ತು.

"ನನ್ನ ಹೇಲು ಐತಿ. ನಂದ. ಮತ್ತ ಯಾರದೂ ಅಲ್ಲ."

ಅವಳು ಕಟ್ಟೆ ಹತ್ತಿ ಬಂದು ಡಬ್ಬಿಯನ್ನು ನನ್ನ ಮೇಜಿನ ಮೇಲಿಟ್ಟು, ಅಲ್ಲೇ ನೆಲದ ಮೇಲೆ ಕೂತಳು. ನಾನು ಪಟ್ಟಿ ಮಾಡಿ ನೋಡಿದೆ. ಅವಳು ನನ್ನ ಮುಖ ನೋಡಿಯೇ ತಿಳಿದುಕೊಂಡಳು.

"ನನಗೂ ಅದಾವೇನು?"

"ಅದಾವ ಯವ್ವಾ."

ಗುಳಿಗೆ ಕೊಟ್ಟೆ, ನುಂಗಬಾರದು, ಕಡಿದು ತಿನ್ನಬೇಕು ಎಂದೆ. ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ಅದನ್ನೇ ನೋಡಿದಳು. "ಅಕಿ ಉಣ್ಣದ ನಾ ಒಂದ ತುತ್ತೂ ಉಂಡಾಕಿ ಅಲ್ಲ" ಎಂದಳು, ನನಗಲ್ಲ. ಆಮೇಲೆ ಬಾಯಿಗೆ ಹಾಕಿಕೊಂಡು ನಿಧಾನಕ್ಕೆ ಕಡಿದಳು. ಕಡಿಯುತ್ತಾ ಕಡಿಯುತ್ತಾ ದವಡೆ ನಿಂತುಬಿಟ್ಟಿತು.

"ಖರೆನ ಸಿಹಿ ಐತಲ್ಲ ತಂಗಿ," ಎಂದಳು. "ನಾ ಇದಕ್ಕ ವಿಷಾ ಅಂದಿದ್ದೆ."

ನೀರಿನ ತಂಬಿಗೆ ಕೊಟ್ಟೆ. ಅವಳು ಅದನ್ನು ಮುಟ್ಟಲಿಲ್ಲ.